ತಂಪು ನಮಗೆ, ಸದ್ದು ನೆರೆಮನೆಗೆ

ಎಪ್ರಿಲ್ ತಿಂಗಳ ರಾತ್ರಿ, ಗಂಟೆ ಹನ್ನೊಂದು. ಪುತ್ತೂರಿನ ದರ್ಬೆಯೋ ಬೊಳುವಾರೋ, ಸುಳ್ಯದ ಗಾಂಧಿನಗರವೋ, ಕಡಬ ಪೇಟೆಯ ಹಿಂಬದಿಯೋ, ಎಲ್ಲೂ ಗಾಳಿಯ ಸುಳಿವಿಲ್ಲ. ತೆಂಗಿನ ಗರಿಯೂ ಅಲುಗುವುದಿಲ್ಲ. ಹಗಲಿಡೀ ಕಾದ ತಾರಸಿ ಈಗ ನಿಧಾನವಾಗಿ ಕೋಣೆಯೊಳಗೆ ಬಿಸಿ ಇಳಿಸುತ್ತಿದೆ. ಐದು ಸೆಂಟ್ಸ್ ಜಾಗದ ಒಂದು ಮನೆಯಲ್ಲಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದೆ. ಒಳಗೆ ಎಸಿ, ಮೇಲೊಂದು ಹೊದಿಕೆ, ಗಾಢ ನಿದ್ದೆ. ಪಕ್ಕದ ಐದು ಸೆಂಟ್ಸಿನ ಮನೆಯಲ್ಲಿ ಎಸಿ ಇಲ್ಲ. ಸೊಳ್ಳೆ ನೆಟ್ ಹಾಕಿದ ಕಿಟಕಿಯನ್ನು ಪೂರ್ತಿ ತೆರೆದಿಟ್ಟಿದ್ದಾರೆ. ಎರಡು ಗೋಡೆಗಳ ನಡುವೆ ಎಂಟು ಹತ್ತು ಅಡಿ ಸಂದು. ಆ ಸಂದಿನಲ್ಲಿ, ತೆರೆದ ಕಿಟಕಿಗೆ ಸರಿಯಾಗಿ ಮುಖಮಾಡಿ, ಕಬ್ಬಿಣದ ಬ್ರಾಕೆಟ್ ಮೇಲೆ ಬಿಳಿ ಪೆಟ್ಟಿಗೆಯೊಂದು ಕುಳಿತಿದೆ. ಅದು ಗುಂಯ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಎಂದು ನಿಲ್ಲುತ್ತದೆ, ಇನ್ನೇನು ಜೋಂಪು ಹತ್ತಿತು ಎನ್ನುವಾಗ ಬ್ರಾಕೆಟ್ ಸಮೇತ ನಡುಗಿ ಮತ್ತೆ ಶುರುವಾಗುತ್ತದೆ.

ಬೆಳಿಗ್ಗೆ ಕಂಪೌಂಡಿನ ಆಚೀಚೆ ನಿಂತು ಮಾತಾಡುವಾಗ ಈ ವಿಷಯ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ "ನಿಮ್ಮ ಎಸಿ ಸ್ವಲ್ಪ ಶಬ್ದ ಮಾಡ್ತದಲ್ಲ ಮಾರಾಯ್ರೇ" ಎಂಬಷ್ಟಕ್ಕೆ ಮುಗಿಯುತ್ತದೆ. ಎಸಿ ಮನೆಯವರಿಗೆ ಅದು ನಿಜವಾಗಿಯೂ ಗೊತ್ತಿರುವುದಿಲ್ಲ. ಸದ್ದನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡವರಿಗೆ ಅದು ಕೇಳಿಸುವುದಾದರೂ ಹೇಗೆ? ಕಂಪನಿ ಯಾವುದು, ಸ್ಟಾರ್ ಎಷ್ಟು ಎಂದು ವಾರಗಟ್ಟಲೆ ವಿಚಾರಿಸಿ ಕೊಂಡ ಯಂತ್ರ ನೆರೆಯವರ ನಿದ್ದೆ ಕೆಡಿಸುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಂಗಡಿಯಲ್ಲಿ ಅಲ್ಲ. ಫಿಟ್ಟಿಂಗಿಗೆ ಬಂದವರು ಗೋಡೆಗೆ ಡ್ರಿಲ್ ಹಿಡಿಯುವ ಆ ಕೆಲವು ನಿಮಿಷಗಳಲ್ಲಿ. ಅಷ್ಟು ಹೊತ್ತು ಯೋಚಿಸಿದರೆ ತಪ್ಪುವ ತೊಂದರೆಯನ್ನು ನಾವು ಹತ್ತು ವರ್ಷ ಅನುಭವಿಸುತ್ತೇವೆ. ಸರಿಯಾಗಿ ಹೇಳಬೇಕೆಂದರೆ, ಅನುಭವಿಸುವವರು ನಾವಲ್ಲ, ಪಕ್ಕದವರು.

ಬಿಸಿ ಎತ್ತುವ ಪಂಪು

ಎಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಸುರಿಯುತ್ತದೆ. ಬಾವಿಯ ನೀರನ್ನು ಪಂಪು ಎತ್ತುವಂತೆ ಇದು ಬಿಸಿಯನ್ನು ಎತ್ತಿ ಸಾಗಿಸುವುದರಿಂದ ಇಂಥ ಯಂತ್ರಗಳಿಗೆಲ್ಲ ಹೀಟ್ ಪಂಪ್ ಎಂಬ ಒಂದೇ ಹೆಸರು. ಫ್ರಿಜ್ಜೂ ಅದೇ ಕುಲದ್ದು. ಯುರೋಪಿನಲ್ಲಿ ಇದನ್ನೇ ತಿರುಗಿಸಿ, ಹೊರಗಿನ ಚಳಿಗಾಳಿಯಲ್ಲಿರುವ ಅಷ್ಟಿಷ್ಟು ಬಿಸಿಯನ್ನು ಹೆಕ್ಕಿ ಮನೆ ಬೆಚ್ಚಗಿಡಲು ಬಳಸುತ್ತಾರೆ. ಆದ್ದರಿಂದ ಅಲ್ಲಿ ಈ ಸದ್ದಿನ ಜಗಳ ಚಳಿಗಾಲದ್ದು, ನಮ್ಮಲ್ಲಿ ಸೆಕೆಗಾಲದ್ದು. ವ್ಯತ್ಯಾಸ ಇನ್ನೂ ಒಂದಿದೆ. ಚಳಿಯ ದೇಶದಲ್ಲಿ ಯಂತ್ರ ಓಡುವಾಗ ನೆರೆಯವರ ಕಿಟಕಿಗಳೂ ಮುಚ್ಚಿರುತ್ತವೆ. ನಮ್ಮಲ್ಲಿ ಒಬ್ಬರ ಎಸಿ ಜೋರಾಗಿ ಓಡುವ ರಾತ್ರಿಯೇ ಎಸಿ ಇಲ್ಲದವರ ಕಿಟಕಿ ಅತಿ ಅಗಲವಾಗಿ ತೆರೆದಿರುತ್ತದೆ. ಅಂದರೆ ಅದೇ ಯಂತ್ರ ಇಲ್ಲಿ ಹೆಚ್ಚು ಕಾಡುತ್ತದೆ.

ಹೊರಪೆಟ್ಟಿಗೆಯ ಸದ್ದು ಕೇಳುವವರಿಗೆ ಒಂದೇ ಎನಿಸಿದರೂ ಅದರೊಳಗೆ ಮೂರು ಬಗೆ ಇವೆ. ಫ್ಯಾನು ಗಾಳಿ ನೂಕುವಾಗಿನ ಭರ್ರೆಂಬ ಸದ್ದು ಮೊದಲನೆಯದು. ಇದು ಅಷ್ಟೇನೂ ಕಾಡುವುದಿಲ್ಲ, ದೂರ ಹೋದಷ್ಟೂ ಕರಗುತ್ತದೆ. ಎರಡನೆಯದು ಕಂಪ್ರೆಸರಿನ ಗುಂಯ್‌ಗುಡುವಿಕೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುವಂಥದ್ದು. ಇನ್ವರ್ಟರ್ ಇಲ್ಲದ ಹಳೆಯ ಕಂಪ್ರೆಸರ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ತಿರುಗಿ ತಗ್ಗು ಸ್ವರವನ್ನು ಹೊರಡಿಸುತ್ತದೆ. ತಗ್ಗು ಸ್ವರಕ್ಕೆ ಗೋಡೆ, ಗಾಜು ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಮದುವೆ ಮನೆಯ ಡಿಜೆ ಹಾಡಿನ ಒಂದು ಮಾತೂ ತಿಳಿಯದಿದ್ದರೂ ದುಂ ದುಂ ಮಾತ್ರ ಅರ್ಧ ಮೈಲಿ ದಾಟಿ ಬರುವುದು ಇದೇ ಕಾರಣಕ್ಕೆ. ಮೂರನೆಯದು ಗಾಳಿಯಲ್ಲಿ ಬರುವುದೇ ಅಲ್ಲ: ಯಂತ್ರದ ನಡುಕ ಬ್ರಾಕೆಟಿಗೆ, ಬ್ರಾಕೆಟಿನಿಂದ ಗೋಡೆಗೆ ಹರಿದು ಗೋಡೆಯನ್ನೇ ಸದ್ದಿನ ಹಲಗೆಯನ್ನಾಗಿ ಮಾಡುತ್ತದೆ. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಯಲ್ಲಿ ಇದಕ್ಕೊಂದು ಸ್ಥಳೀಯ ತೊಡಕು ಸೇರುತ್ತದೆ. ಕಾಂಕ್ರೀಟಿನಂತೆ ಕೆಂಪುಕಲ್ಲು ಬೋಲ್ಟನ್ನು ಕಚ್ಚಿ ಹಿಡಿಯುವುದಿಲ್ಲ. ತೂತಿನ ಅಂಚು ಪುಡಿಯಾಗಿ ಬೋಲ್ಟು ಕೂದಲೆಳೆಯಷ್ಟು ಸಡಿಲಾದರೂ ಸಾಕು, ಮೊದಲ ವರ್ಷ ಮೆತ್ತಗಿದ್ದ ಯಂತ್ರ ಮೂರನೆಯ ವರ್ಷಕ್ಕೆ ಗಡಗಡ ಎನ್ನತೊಡಗುತ್ತದೆ.

ಮೂರು ಮೀಟರ್ ಪೈಪಿನ ಲೆಕ್ಕ

ಪೆಟ್ಟಿಗೆ ಸಂದಿಗೆ ಬಂದು ಕೂರುವುದು ಏಕೆ? ಯಾರಿಗೂ ನೆರೆಯವರ ಮೇಲೆ ಹಗೆಯಿಲ್ಲ. ಕಾರಣ ತೀರ ಸಣ್ಣದು. ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳನ್ನು ಜೋಡಿಸುವ ತಾಮ್ರದ ಪೈಪು ಸಾಮಾನ್ಯವಾಗಿ ಎಸಿ ಜತೆಗೆ ಸುಮಾರು ಮೂರು ಮೀಟರ್ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಮೀಟರ್ ಲೆಕ್ಕದಲ್ಲಿ ಹಣ ಕೊಡಬೇಕು, ಗ್ಯಾಸ್ ಸ್ವಲ್ಪ ಹೆಚ್ಚು ತುಂಬಿಸಬೇಕು. ಫಿಟ್ಟಿಂಗಿಗೆ ಬಂದ ಹುಡುಗರಿಗೆ ಆ ದಿನ ಇನ್ನೂ ಮೂರು ಮನೆ ಬಾಕಿ. ಮಲಗುವ ಕೋಣೆಯ ಹೊರಗೋಡೆಯಲ್ಲಿ ಮೂರು ಮೀಟರಿನೊಳಗೆ ಎಲ್ಲಿ ಬರುತ್ತದೋ ಅಲ್ಲಿ ತೂತು ಬೀಳುತ್ತದೆ. ನಮ್ಮ ಪೇಟೆಯ ಮನೆಗಳಲ್ಲಿ ಎದುರಿಗೆ ಸಿಟೌಟು ಮತ್ತು ಹಾಲು, ಹಿಂದೆ ಅಡುಗೆಕೋಣೆ ಮತ್ತು ಬಚ್ಚಲು, ಮಲಗುವ ಕೋಣೆಗಳು ಪಕ್ಕಕ್ಕೆ. ಪಕ್ಕದ ಮನೆಯ ನಕ್ಷೆಯೂ ಅದೇ. ಹೀಗಾಗಿ ಒಬ್ಬರ ಮಲಗುವ ಕೋಣೆಯ ಯಂತ್ರ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಗೇ ಎದುರಾಗುವುದು ಆಕಸ್ಮಿಕವೇನೂ ಅಲ್ಲ.

ಮನೆ ಕಟ್ಟುವಾಗ ನಾವು ಬಾವಿಗೆ ಒಂದು ಮೂಲೆ, ಅಡುಗೆಕೋಣೆಗೆ ಇನ್ನೊಂದು, ಸೆಪ್ಟಿಕ್ ಟ್ಯಾಂಕಿಗೆ ಮತ್ತೊಂದು ಎಂದು ವಾಸ್ತು ಕೇಳಿಸುತ್ತೇವೆ. ಔಟ್‌ಡೋರ್ ಯೂನಿಟಿಗೆ ಮಾತ್ರ ದಿಕ್ಕಿಲ್ಲ. ಎಂಜಿನಿಯರು ಬರೆದ ನಕ್ಷೆಯಲ್ಲೂ ಅದಕ್ಕೊಂದು ಚೌಕ ಇರುವುದು ಅಪರೂಪ. ಗೃಹಪ್ರವೇಶದ ಎರಡನೆಯ ಬೇಸಿಗೆಗೆ ಎಸಿ ಬರುತ್ತದೆ, ಸಿಕ್ಕಿದ ಗೋಡೆಗೆ ನೇತಾಡುತ್ತದೆ.

ಡೆಸಿಬೆಲ್ಲಿನ ವಿಚಿತ್ರ

ಸದ್ದಿನ ಅಳತೆ ಡೆಸಿಬೆಲ್. ಇದು ಅಡಿಕೆ ತೂಕದ ಹಾಗೆ ಕೂಡುವ ಲೆಕ್ಕವಲ್ಲ. 50 ಡೆಸಿಬೆಲ್ಲಿನ ಎರಡು ಯಂತ್ರ ಅಕ್ಕಪಕ್ಕ ಇಟ್ಟರೆ 100 ಆಗುವುದಿಲ್ಲ, 53 ಆಗುತ್ತದೆ. ಸದ್ದು 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಒಂದೂವರೆ ಟನ್ನಿನ ಹೊರಪೆಟ್ಟಿಗೆಗಳ ಸದ್ದು ಒಂದು ಮೀಟರ್ ದೂರದಲ್ಲಿ ಸಾಮಾನ್ಯವಾಗಿ 50ರಿಂದ 55 ಡೆಸಿಬೆಲ್. 55 ಎಂದೇ ಹಿಡಿದರೆ ಬಯಲಿನಲ್ಲಿ ಎರಡು ಮೀಟರಿಗೆ 49, ನಾಲ್ಕು ಮೀಟರಿಗೆ 43. ಓದಲು ಪರವಾಗಿಲ್ಲ ಎನಿಸುವ ಅಂಕಿಗಳು. ಆದರೆ ಸಂದು ಬಯಲಲ್ಲ. ಯಂತ್ರದ ಬೆನ್ನಿಗೆ ಗೋಡೆ ಬಂದರೆ 3 ಡೆಸಿಬೆಲ್ ಏರುತ್ತದೆ, ಮೂಲೆಯಾದರೆ ಇನ್ನೂ 3. ಎದುರು ಗೋಡೆಗೆ ಬಡಿದದ್ದು ತಿರುಗಿ ಬರುತ್ತದೆ. ಎರಡು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿದು, ಎರಡೂವರೆ ಮೀಟರ್ ಆಚೆಯ ಕಿಟಕಿಯಲ್ಲಿ 50ರ ಆಚೀಚೆಗೆ ನಿಲ್ಲುತ್ತದೆ.

ನಮ್ಮ ಜಿಲ್ಲೆಯ ಮನೆಗಳಿಗೆ ಇನ್ನೊಂದು ಅಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಗೆ ಹೆದರಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಿರುತ್ತೇವೆ. ಬಟ್ಟೆ ಒಣಗುವುದು, ಅಡಿಕೆ ರಾಶಿ ಬೀಳುವುದು ಅಲ್ಲೇ. ಯಂತ್ರವನ್ನೂ ಅಲ್ಲಿಟ್ಟರೆ ಮಳೆಯಿಂದ ಬಚಾವು ಎಂಬ ಲೆಕ್ಕ ಸರಿಯೇ. ಆದರೆ ತಗಡಿನ ಮಾಡು ಸದ್ದನ್ನು ಮೇಲಕ್ಕೆ ಹೋಗಗೊಡದೆ ನಾಲ್ಕೂ ಕಡೆಗೆ ತಳ್ಳುತ್ತದೆ. ಫ್ಲ್ಯಾಟುಗಳ ಡಕ್ಟಿನ ಕಥೆ ಇನ್ನೂ ಕಷ್ಟದ್ದು. ಒಂದೇ ಕಿರಿದಾದ ಬಾವಿಯಂಥ ಜಾಗದಲ್ಲಿ ಎಂಟು ಯಂತ್ರಗಳಿದ್ದರೆ ಒಂದಕ್ಕಿಂತ 9 ಡೆಸಿಬೆಲ್ ಹೆಚ್ಚು. ಕಿವಿಗೆ ಅದು ಹೆಚ್ಚುಕಡಿಮೆ ಇಮ್ಮಡಿ ಸದ್ದು. ಎಂಟನೆಯ ಯಂತ್ರ ಹಾಕಿದವರ ಮೇಲೆ ಮಾತ್ರ ಅಪವಾದ ಬರುತ್ತದೆ.

ಕಾನೂನಿನಲ್ಲಿರುವ ಸಂದು

ಭಾರತದ ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ರಾತ್ರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ್ದೂ ಇದನ್ನೇ: ಕಿಟಕಿ ತೆರೆದು ಮಲಗುವವರ ಹೊರಗೋಡೆಯ ಬಳಿ 45, ಕೋಣೆಯೊಳಗೆ 30 ದಾಟಬಾರದು. ಆದರೆ ನಮ್ಮ ನಿಯಮದಲ್ಲಿ ದೂರು ಕೊಡುವ ಬಾಗಿಲು ತೆರೆಯುವುದು ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಮೇಲೆ ಹೋದಾಗ. ಧ್ವನಿವರ್ಧಕ, ಹಾರ್ನು, ಪಟಾಕಿಯಂಥ ರಾತ್ರಿಯ ನಿರ್ಬಂಧಗಳ ಉಲ್ಲಂಘನೆ ಬೇರೆ ಮಾತು. ಅಂದರೆ ರಾತ್ರಿ 45ಕ್ಕೆ ಮಿತಿ, 55ಕ್ಕೆ ದೂರು. ನಡುವಿನ ಹತ್ತು ಡೆಸಿಬೆಲ್ ಖಾಲಿ ಜಾಗ. ಎಸಿ ಯಂತ್ರದ ಸದ್ದು ಬಂದು ಕೂರುವುದು ಸರಿಯಾಗಿ ಅಲ್ಲಿಗೇ. ಅದರ ಮೇಲೆ ಆ ಮಿತಿಯೂ ಹೊತ್ತಿನ ಸರಾಸರಿ. ಆಗಾಗ ಶುರುವಾಗಿ ನಿಲ್ಲುವ ಯಂತ್ರ ಸರಾಸರಿಯಲ್ಲಿ ಪಾಸಾಗಿ ನಿದ್ದೆಯನ್ನು ಫೇಲು ಮಾಡಬಲ್ಲದು.

ತಯಾರಿಕೆಯ ಹಂತದ ಮಿತಿ ಇಲ್ಲವೆಂದಲ್ಲ. ಪರಿಸರ ಸಂರಕ್ಷಣಾ ನಿಯಮಗಳ ಪಟ್ಟಿಯಲ್ಲಿ ಒಂದರಿಂದ ಒಂದೂವರೆ ಟನ್ನಿನ ಕಿಟಕಿ ಎಸಿಗೆ 68 ಡೆಸಿಬೆಲ್, ಫ್ರಿಜ್ಜಿಗೆ 46 ಎಂದಿದೆ. ಈಗ ಕಿಟಕಿ ಎಸಿ ಕೊಳ್ಳುವವರು ಯಾರು? ಯುರೋಪಿನಲ್ಲಿ ಎಸಿಯ ಇಂಧನ ಲೇಬಲಿನ ಮೇಲೆಯೇ ಹೊರಪೆಟ್ಟಿಗೆಯ ಸದ್ದನ್ನು ಅಚ್ಚು ಹಾಕಬೇಕು. ನಮ್ಮ ಸ್ಟಾರ್ ಲೇಬಲಿನಲ್ಲಿ ಅದಕ್ಕೆ ಜಾಗವಿಲ್ಲ. ಕಂಪನಿಯ ಕಾಗದದಲ್ಲಿ ಕೆಲವೊಮ್ಮೆ ಎರಡು ಅಂಕಿ ಇರುತ್ತವೆ, ಒಂದು ಯಂತ್ರ ಹೊರಡಿಸುವ ಒಟ್ಟು ಸದ್ದಿನ ಶಕ್ತಿ, ಇನ್ನೊಂದು ಇಂತಿಷ್ಟು ದೂರದಲ್ಲಿ ಕಿವಿಗೆ ಬೀಳುವುದು. ಪಂಪಿನ ಎಚ್‌ಪಿ ಬೇರೆ, ತೋಟದ ಕೊನೆಯ ಜೆಟ್ಟಿಗೆ ಬರುವ ನೀರಿನ ರಭಸ ಬೇರೆ ಎಂದು ತಿಳಿದ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಕಂಪನಿಗಳನ್ನು ಹೋಲಿಸುವಾಗ ಒಂದೇ ಬಗೆಯ ಅಂಕಿ ಹಿಡಿದು ಹೋಲಿಸಿದರಾಯಿತು.

‘ಇದಕ್ಕಿಂತ ದೊಡ್ಡ ಗೌಜಿ ಉಂಟು’

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ಇದು. ಎಪ್ರಿಲ್ 10ಕ್ಕೆ ಮಹಾಲಿಂಗೇಶ್ವರನ ಜಾತ್ರೆ ಶುರು, 17ರ ಬ್ರಹ್ಮರಥೋತ್ಸವದ ರಾತ್ರಿ ‘ಪುತ್ತೂರು ಬೆಡಿ’ಗೆ ಊರೇ ನಡುಗುತ್ತದೆ. ನೇಮ, ಯಕ್ಷಗಾನ, ತೋಟದ ಪಂಪು, ಘಟ್ಟ ಹತ್ತುವ ಲಾರಿ ಬೇರೆ. ಇದರ ನಡುವೆ ಒಂದು ಪೆಟ್ಟಿಗೆಯ ಗುಂಯ್ ಯಾವ ಲೆಕ್ಕ? ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸದ್ದನ್ನು ಸಹಿಸುವ ಶಕ್ತಿ ಊರಿಂದ ಊರಿಗೆ ಬೇರೆ. ಆದರೆ ಬೆಡಿಗೆ ತಾರೀಕು ಉಂಟು. ಯಕ್ಷಗಾನಕ್ಕೆ ಮಂಗಳ ಉಂಟು. ಅವು ಎಲ್ಲರೂ ಸೇರಿ ಮಾಡುವ, ಎಲ್ಲರೂ ಹೋಗಿ ಬರುವ ಸದ್ದುಗಳು. ಎಸಿಯದು ಮಾರ್ಚಿನಿಂದ ಮಳೆ ಹಿಡಿಯುವವರೆಗೆ ದಿನವೂ ಇರುವ, ಒಬ್ಬರ ತಂಪಿಗಾಗಿ ಇನ್ನೊಬ್ಬರು ಕೇಳುವ ಸದ್ದು. ಮಳೆಗಾಲದಲ್ಲಾದರೆ ಶೀಟಿನ ಮೇಲಿನ ಮಳೆಯೇ ಅದನ್ನು ಮುಳುಗಿಸಿಬಿಡುತ್ತಿತ್ತು, ಆಗ ಎಸಿಯ ಅಗತ್ಯವೇ ಇರುವುದಿಲ್ಲ. ಊರು ಈಗಾಗಲೇ ಗಲಾಟೆಯದ್ದು ಎಂಬ ವಾದ ಕೋರ್ಟಿನಲ್ಲೂ ನಿಂತಿಲ್ಲ. ಹಿಟ್ಟಿನ ಗಿರಣಿಯೊಂದರ ವಿಚಾರದಲ್ಲಿ ಅಲಹಾಬಾದ್ ಹೈಕೋರ್ಟು, 1978ರಲ್ಲಿ ವರದಿಯಾದ ತೀರ್ಪಿನಲ್ಲಿ, ಗದ್ದಲದ ಬೀದಿಯಾದರೂ ಇರುವ ಸದ್ದಿಗೆ ಗಣನೀಯವಾಗಿ ಹೊಸದು ಸೇರಿಸುವುದು ಉಪದ್ರವವೇ ಎಂದು ಗಿರಣಿಗೆ ತಡೆ ಕೊಟ್ಟಿತು.

ನನ್ನ ಗೋಡೆ, ನನ್ನ ಜಾಗ, ನನ್ನ ಕರೆಂಟು ಬಿಲ್ಲು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ಊರಿನ ರೂಢಿಯಲ್ಲೇ ಇದೆ. ನಮ್ಮ ಮಾಡಿನ ನೀರು ನೆರೆಯವರ ಅಂಗಳಕ್ಕೆ ಬೀಳಬಾರದು ಎಂದು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮಾಡು ನಮ್ಮದು, ಮಳೆ ಯಾರದ್ದೂ ಅಲ್ಲ, ಆದರೂ ದಂಬೆ ಹಾಕಿ ನೀರನ್ನು ನಮ್ಮ ತೋಡಿಗೆ ತಿರುಗಿಸುತ್ತೇವೆ. ಎಸಿಯ ಬಿಸಿಗಾಳಿ, ತೊಟ್ಟಿಕ್ಕುವ ನೀರು, ಸದ್ದು ಮೂರೂ ಮಾಡಿನ ನೀರಿನ ಜಾತಿಗೇ ಸೇರಿದವು. ನೀರಿಗಿರುವ ಮರ್ಯಾದೆ ಸದ್ದಿಗೆ ಇನ್ನೂ ಬಂದಿಲ್ಲ, ಅಷ್ಟೇ. ಇನ್ನು, ಇದುವರೆಗೆ ಯಾರೂ ದೂರಲಿಲ್ಲವಲ್ಲ ಎನ್ನುವವರುಂಟು. ಮದುವೆ, ಮರಣ, ಆಸ್ಪತ್ರೆ ಎಂದರೆ ಮೊದಲು ಓಡಿ ಬರುವ ಪಕ್ಕದ ಮನೆಯವರ ಜತೆ ಒಂದು ಯಂತ್ರಕ್ಕಾಗಿ ಮುನಿಸು ಕಟ್ಟಿಕೊಳ್ಳಲು ಯಾರೂ ಬಯಸುವುದಿಲ್ಲ. ಅವರ ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಅನುಕೂಲದ ತಿಳಿವಳಿಕೆ.

ಹೊಸ ಇನ್ವರ್ಟರ್ ಯಂತ್ರಗಳು ಮೆತ್ತಗೆ ಓಡುತ್ತವೆ, ಹಾಗಾಗಿ ಸಮಸ್ಯೆ ತಾನಾಗಿ ಕಳೆಯುತ್ತದೆ ಎಂಬ ಮಾತು ಅರ್ಧ ಸತ್ಯ. ಕೋಣೆ ತಣಿದ ಮೇಲೆ ಅವು ವೇಗ ಇಳಿಸುವುದು ನಿಜ. ಆದರೆ ಎಲ್ಲರೂ ಮಲಗುವ ಹತ್ತು ಗಂಟೆಗೆ, ಕಾದ ಕೋಣೆಯಲ್ಲಿ 18ಕ್ಕೆ ಇಟ್ಟು ಒತ್ತಿದರೆ ಇನ್ವರ್ಟರೂ ಪೂರ್ಣ ವೇಗದಲ್ಲೇ ಓಡಬೇಕು. 2020ರ ಜನವರಿಯಿಂದ ಸ್ಟಾರ್ ಎಸಿಗಳು 24 ಡಿಗ್ರಿಯಲ್ಲಿ ಶುರುವಾಗುವಂತೆ ನಿಯಮವಾದದ್ದು ಕರೆಂಟು ಉಳಿತಾಯಕ್ಕೆ. ನೆರೆಯವರ ನಿದ್ದೆಗೂ ಅದೇ ಅಂಕಿ ಒಳ್ಳೆಯದು.

ಎಲ್ಲಿ ಕೂರಿಸಬೇಕು

ಮೊದಲ ಆಯ್ಕೆ ರಸ್ತೆಯ ಕಡೆ ಅಥವಾ ನಮ್ಮದೇ ತೋಟದ ಕಡೆ. ಪೈಪು ಆರೇಳು ಮೀಟರಾದರೆ ಯಂತ್ರಕ್ಕೆ ತೊಂದರೆಯಿಲ್ಲ. ಸಾಮಾನ್ಯ ಒಂದೂವರೆ ಟನ್ನಿನ ಎಸಿಗೆ ಹತ್ತು ಮೀಟರಿನವರೆಗೆ ಹೆಚ್ಚಿನ ಕಂಪನಿಗಳೇ ಅವಕಾಶ ಕೊಟ್ಟಿರುತ್ತವೆ. ಹೆಚ್ಚುವರಿ ಪೈಪಿನ ಖರ್ಚು ಯಂತ್ರದ ಬೆಲೆಯ ಮುಂದೆ ಸಣ್ಣದು. ಅದು ಆಗದಿದ್ದರೆ ಹಿಂಬದಿಯ ಬಚ್ಚಲು, ಅಡುಗೆಕೋಣೆಯ ಗೋಡೆ. ಅಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ. ಸಂದೇ ಗತಿ ಎಂದಾದರೆ ನೆರೆಯ ಕಿಟಕಿಯಿಂದ ಆದಷ್ಟು ಸರಿಸಿ, ನೇರ ನೋಟ ತಪ್ಪಿಸಬೇಕು. ಗೋಡೆಗೆ ನೇತುಹಾಕುವ ಬದಲು ನೆಲದಲ್ಲೊಂದು ಕಾಂಕ್ರೀಟ್ ಕಟ್ಟೆ ಕಟ್ಟಿ, ನಾಲ್ಕು ಕಾಲಿಗೂ ದಪ್ಪ ರಬ್ಬರ್ ಪ್ಯಾಡ್ ಕೊಟ್ಟು ಕೂರಿಸಿದರೆ ನಡುಕ ಗೋಡೆಗೆ ಹತ್ತುವುದೇ ಇಲ್ಲ, ಕಂಪೌಂಡ್ ಗೋಡೆಯೇ ಸದ್ದಿಗೆ ಅಡ್ಡವಾಗುತ್ತದೆ. ರಬ್ಬರ್ ಬೆಳೆಯುವ ಸುಳ್ಯ, ಕಡಬದವರಿಗೆ ರಬ್ಬರಿನ ಗುಣ ಹೇಳಬೇಕೇ? ಪ್ಯಾಡು ಬಿಸಿಲಿಗೆ ಗಟ್ಟಿಯಾದರೆ ಬದಲಿಸಬೇಕು ಎಂಬುದನ್ನಷ್ಟೇ ನೆನಪಿಟ್ಟರೆ ಸಾಕು.

ಮರೆ ಕಟ್ಟುವುದಾದರೆ ಅದು ತೂಕದ್ದಾಗಿರಬೇಕು, ಬಿರುಕಿಲ್ಲದಿರಬೇಕು, ಯಂತ್ರಕ್ಕೂ ಕಿಟಕಿಗೂ ನಡುವಿನ ನೋಟ ಮುಚ್ಚಬೇಕು. ಆದರೆ ಯಂತ್ರವನ್ನೇ ಸುತ್ತುಗಟ್ಟಿ ಮುಚ್ಚಿದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದು ಕಂಪ್ರೆಸರ್ ಏದುಸಿರು ಬಿಡುತ್ತದೆ, ಸದ್ದು ಹೆಚ್ಚುತ್ತದೆ. ಮಳೆಗೆಂದು ಮೇಲೆ ಕಟ್ಟುವ ತಗಡಿನ ತುಂಡು ಎಲ್ಲಕ್ಕಿಂತ ಕೆಟ್ಟದ್ದು. ಹೊರಪೆಟ್ಟಿಗೆ ಮಳೆಗೆ ನೆನೆಯಲೆಂದೇ ಮಾಡಿದ್ದು, ಅದಕ್ಕೆ ಕೊಡೆ ಬೇಡ. ಕ್ರೋಟನ್ ಗಿಡದ ಸಾಲು ಕಣ್ಣಿಗೆ ಚೆಂದ, ಸದ್ದಿಗೆ ಏನೂ ಮಾಡದು. ವರ್ಷಕ್ಕೊಮ್ಮೆ ಮಾರ್ಚಿಗೆ ಮೊದಲು ಬೋಲ್ಟು ಬಿಗಿ ಮಾಡಿ ಧೂಳು ತೊಳೆಸಿದರೆ ಹಳೆಯ ಯಂತ್ರವೂ ಅಷ್ಟಿಷ್ಟು ಸುಮ್ಮನಾಗುತ್ತದೆ.

ಮಳೆಗಾಲದ ಬಿಸಿನೀರು

ಈ ಲೆಕ್ಕ ಎಸಿಗೆ ಮುಗಿಯುವುದಿಲ್ಲ. ಜೂನ್‌ನಿಂದ ಬಿಸಿಲಿಲ್ಲದೆ ಸೋಲಾರ್ ಕೈಕೊಡುವ, ಹಂಡೆಗೆ ಸೌದೆ ಕೂಡಿಡುವ ಜನವೂ ಕಡಿಮೆಯಾಗುತ್ತಿರುವ ನಮ್ಮ ಸೀಮೆಗೆ ನೀರು ಕಾಯಿಸುವ ಹೀಟ್ ಪಂಪು ಹೇಳಿ ಮಾಡಿಸಿದಂಥದ್ದು. ಮಳೆಗಾಲದಲ್ಲೂ ಬೆಚ್ಚಗಿರುವ ನಮ್ಮ ಗಾಳಿಯಿಂದ ಬಿಸಿ ಹೀರಿ, ಗೀಸರಿನ ಮೂರನೇ ಒಂದರಷ್ಟು ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ. ಜಪಾನಿನಲ್ಲಿ 2001ರಿಂದ ಇಂಥ ಯಂತ್ರಗಳು ಮನೆಮನೆಗೆ ಹೋದವು. ರಾತ್ರಿ ಕರೆಂಟು ಅಗ್ಗ ಎಂದು ಅವನ್ನು ರಾತ್ರಿಯೇ ಓಡಿಸಿದರು. ನಿದ್ದೆ ಬಾರದೆಂಬ ನೆರೆಯವರ ದೂರುಗಳು ಬೆಳೆದು, 2014ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ತನಿಖಾ ಆಯೋಗವೇ ತಗ್ಗು ಸ್ವರದ ಸದ್ದಿನ ಬಗ್ಗೆ ವರದಿ ಕೊಡಬೇಕಾಯಿತು. ನಮಗೆ ಆ ಹಂಗಿಲ್ಲ. ಬಿಸಿನೀರು ಟ್ಯಾಂಕಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಟೈಮರ್ ಹಾಕಿ ಮಧ್ಯಾಹ್ನವೇ ಕಾಯಿಸಿಟ್ಟರೆ ಸಂಜೆಯ ಸ್ನಾನಕ್ಕೂ ಬೆಳಗಿನ ಸ್ನಾನಕ್ಕೂ ಆಯಿತು.

ಪುತ್ತೂರು ನಗರಸಭೆಯಾಗಲಿ, ಸುಳ್ಯ, ಕಡಬದ ಪಟ್ಟಣ ಪಂಚಾಯತುಗಳಾಗಲಿ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಹೊರಪೆಟ್ಟಿಗೆಯ ಜಾಗವನ್ನೂ ಗುರುತಿಸಿ ತನ್ನಿ ಎಂದು ಕೇಳಬಹುದು, ಅದಕ್ಕೆ ಖರ್ಚಿಲ್ಲ. ಅವರು ಕೇಳುವವರೆಗೆ ಕಾಯಬೇಕಾಗಿಯೂ ಇಲ್ಲ. ಫಿಟ್ಟಿಂಗಿನವರು ಡ್ರಿಲ್ ಹೊರತೆಗೆಯುವ ಮೊದಲು ಕಂಪೌಂಡಿನ ಬಳಿ ಹೋಗಿ ಪಕ್ಕದ ಮನೆಯವರನ್ನು ಕರೆಯಿರಿ, ಅವರ ಮಕ್ಕಳು, ಮುದುಕರು ಮಲಗುವ ಕೋಣೆ ಯಾವುದು ಎಂದು ಕೇಳಿ, ಆ ಗೋಡೆಯನ್ನು ಬಿಟ್ಟು ಬೇರೆ ಗೋಡೆ ತೋರಿಸಿ.